ನೆರೆಹೊರೆಯೂ ಆರೋಗ್ಯವೂ: ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಚರಿತ್ರೆಯಿಂದ ಕೆಲವು ವಿಚಾರಗಳು

೧

ಒಂದು ನಾಡಿನ ಚರಿತ್ರೆಯನ್ನು ಬರೆಯುವವರು ಅಲ್ಲಿ ಆಳಿದ ಅರಸರನ್ನೂ, ನಡೆದ ಯುದ್ಧಗಳನ್ನೂ, ಕಟ್ಟಿದ ದೇವಾಲಯಗಳನ್ನೂ ಕುರಿತು ವಿಸ್ತಾರವಾಗಿ ಬರೆಯುವುದು ವಾಡಿಕೆ. ಆ ನಾಡಿನ ಸಾಮಾನ್ಯ ಜನರು ಯಾವ ರೋಗಗಳಿಂದ ನರಳಿದರು, ನರಳುವಾಗ ಅವರ ಬಳಿ ಯಾರಿದ್ದರು, ಯಾರು ದೂರ ಸರಿದರು ಎಂಬ ಪ್ರಶ್ನೆಗಳನ್ನು ವೈದ್ಯರಿಗೆ ಬಿಟ್ಟುಬಿಡುತ್ತೇವೆ. ಆದರೆ ರೋಗವು ಕೇವಲ ದೇಹಕ್ಕೆ ಸಂಬಂಧಿಸಿದ ವಿಷಯವಲ್ಲ. ಮನುಷ್ಯನು ವಾಸಿಸುವ ಕೇರಿ, ನೀರು ಸೇದುವ ಬಾವಿ, ಕೂಲಿ ಮಾಡುವ ತೋಟ, ಕಷ್ಟ ಬಂದಾಗ ಕದ ತಟ್ಟಬಹುದಾದ ಮನೆ, ಇವೆಲ್ಲವೂ ಅವನ ಆರೋಗ್ಯವನ್ನು ರೂಪಿಸುತ್ತವೆ. ಇವುಗಳಿಗೆ ಒಂದು ಚರಿತ್ರೆಯಿದೆ. ಆದುದರಿಂದ ಆರೋಗ್ಯಕ್ಕೂ ಒಂದು ಚರಿತ್ರೆಯಿದೆ. ಈ ಮಾತನ್ನು ತುಮಕೂರು ಜಿಲ್ಲೆಯ ತೆಂಗಿನ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹಂದನಕೆರೆಯು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳು ಸೇರಿ ಕರ್ನಾಟಕದ ಪ್ರಸಿದ್ಧವಾದ ತೆಂಗಿನ ಸೀಮೆಯಾಗಿವೆ. ಮಳೆ ಹೆಚ್ಚಿಲ್ಲದ ಬಯಲುಸೀಮೆಯಲ್ಲಿ ಕೆರೆಗಳ ಆಶ್ರಯದಿಂದ ಬೆಳೆದುಬಂದ ಬೆಳೆ ಇದು. ೧೮೦೦ನೆಯ ಇಸವಿಯಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೆಂಗಿನ ತೋಟಗಳನ್ನು ತನ್ನ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ಕಿತ್ತ ಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇರಿಸಿ, ಒಳಗಿನ ನೀರು ಇಂಗಿದ ಮೇಲೆ ಸುಲಿದು ಒಡೆದು, ಉಂಡೆ ಕೊಬ್ಬರಿಯಾಗಿ ತಿಪಟೂರಿನ ಪೇಟೆಗೆ ಸಾಗಿಸುವುದು ಇಲ್ಲಿನ ಪದ್ಧತಿ. ಅಟ್ಟವುಳ್ಳವನು ಬೆಲೆಗಾಗಿ ಕಾಯಬಲ್ಲನು. ಕಾಯಿ ಕೀಳುವವನೂ ಸುಲಿಯುವವನೂ ಕಾಯಲಾರರು, ಏಕೆಂದರೆ ಅವರ ಜೀವನ ಆಯಾ ದಿನದ ಕೂಲಿಯ ಮೇಲೆ ನಿಂತಿದೆ. ಅಟ್ಟವುಳ್ಳವನ ಮನೆಯಲ್ಲಿ ಹದಿನೈದು ದಿನದ ಜ್ವರ ಒಂದು ತೊಂದರೆ ಮಾತ್ರ. ಕೂಲಿಯವನ ಮನೆಯಲ್ಲಿ ಅದು ಸಾಲಕ್ಕೆ ಮೊದಲು. ಒಂದೇ ಊರಿನಲ್ಲಿ ಒಂದೇ ರೋಗ ಎರಡು ಮನೆಗಳಲ್ಲಿ ಎರಡು ಬಗೆಯಾಗಿ ಪರಿಣಮಿಸುವುದನ್ನು ಮೊದಲಿಗೇ ಗಮನಿಸತಕ್ಕದ್ದು.

೨

ಈ ಸೀಮೆಯ ಜನರ ನೆನಪಿನಲ್ಲಿ ಬಹುಕಾಲ ಉಳಿದ ಮೊದಲ ದೊಡ್ಡ ವಿಪತ್ತೆಂದರೆ ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮ. ಸಂವತ್ಸರಗಳ ಹೆಸರಿನಿಂದ ಅದನ್ನು ಧಾತು ಈಶ್ವರ ಬರವೆಂದು ಕರೆಯುವುದು ರೂಢಿ. ೧೮೭೧ರ ಖಾನೇಸುಮಾರಿಯಲ್ಲಿ ಮೈಸೂರು ಸಂಸ್ಥಾನದ ಪ್ರಜಾಸಂಖ್ಯೆ ೫೦ ಲಕ್ಷವನ್ನು ಮೀರಿತ್ತು; ೧೮೮೧ರಲ್ಲಿ ಅದು ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಸ್ವಾಭಾವಿಕವಾಗಿ ಏರಬೇಕಾಗಿದ್ದ ಸಂಖ್ಯೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ನಷ್ಟ ಇನ್ನೂ ದೊಡ್ಡದು.

ಇಷ್ಟು ಜನರೂ ಕೇವಲ ಅನ್ನವಿಲ್ಲದೆ ಸತ್ತರೆಂದು ತಿಳಿಯುವುದು ಸರಿಯಲ್ಲ. ಹಸಿವಿನಿಂದ ಕುಗ್ಗಿದ ದೇಹಗಳಿಗೆ ಕಾಲರ, ರಕ್ತಭೇದಿ, ಜ್ವರಗಳು ತಗುಲಿದವು. ಊರನ್ನು ಬಿಟ್ಟು, ದಾರಿಗಳಲ್ಲಿಯೂ ಪರಿಹಾರ ಶಿಬಿರಗಳಲ್ಲಿಯೂ ಗುಂಪುಗೂಡಿದ ಅಪರಿಚಿತರ ನಡುವೆ ಅವು ಬೇಗನೆ ಹಬ್ಬಿದವು. ಊರಿನಲ್ಲಿದ್ದಾಗ ಒಬ್ಬನಿಗೆ ಇದ್ದ ಮುಯ್ಯಿ, ಕಡ, ನಂಟುಗಳೆಲ್ಲ ದಾರಿಗೆ ಬಿದ್ದೊಡನೆ ಹರಿದುಹೋಗುತ್ತಿದ್ದವು. ಸುತ್ತಲಿನ ಎಲ್ಲರೂ ಏಕಕಾಲದಲ್ಲಿ ಬರಿಗೈಯಾದಾಗ ನೆರೆಹೊರೆಯ ನೆರವು ಎಂಬುದಕ್ಕೆ ಅರ್ಥವೇ ಉಳಿಯುವುದಿಲ್ಲ. ನೆರೆಹೊರೆಯ ಶಕ್ತಿಗೂ ಒಂದು ಮೇರೆಯುಂಟು, ಅದನ್ನು ಮೀರಿದ ಕಡೆ ರಾಜ್ಯವೇ ಕೈಹಿಡಿಯಬೇಕು ಎಂಬುದನ್ನು ಧಾತು ಈಶ್ವರ ಬರ ತಿಳಿಸುತ್ತದೆ.

೩

ಎರಡನೆಯ ವಿಪತ್ತು ಪ್ಲೇಗು. ೧೮೮೦ರ ದಶಕದಲ್ಲಿ ಬೆಂಗಳೂರಿನಿಂದ ತುಮಕೂರು, ತಿಪಟೂರು, ಅರಸೀಕೆರೆಗಳ ಮಾರ್ಗವಾಗಿ ಹರಿಹರದ ಕಡೆಗೆ ರೈಲು ಹಾದಿ ಬಂದಿತು. ಈ ಹಾದಿಯು ಕೊಬ್ಬರಿಯ ವ್ಯಾಪಾರಕ್ಕೆ ಹೊಸ ಜೀವ ಕೊಟ್ಟಿತು. ಊರಿನಿಂದ ಊರಿಗೆ ರೋಗ ಸಾಗುವುದಕ್ಕೂ ಅದೇ ಹಾದಿ ಸುಗಮವಾಯಿತು. ೧೮೯೮ರ ಆಗಸ್ಟ್ ತಿಂಗಳಿನಲ್ಲಿ ಬೆಂಗಳೂರಿನಲ್ಲಿ ಪ್ಲೇಗು ಕಾಣಿಸಿಕೊಂಡಿತು. ಸಂಸ್ಥಾನದ ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನಿಯಮಿಸಿತು. ಮನೆಗಳ ತಪಾಸಣೆ, ರೋಗಿಗಳನ್ನು ಬೇರ್ಪಡಿಸುವುದು, ಪ್ರಯಾಣಿಕರ ಪರೀಕ್ಷೆ ಮೊದಲಾದ ಕ್ರಮಗಳು ಜಾರಿಗೆ ಬಂದವು.

ಈ ಕ್ರಮಗಳನ್ನು ಜನರು ಸ್ವೀಕರಿಸಿದ ರೀತಿ ಚರಿತ್ರೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಅಂಶ. ಮನೆಯೊಳಗೆ ನುಗ್ಗಿ ರೋಗಿಯೊಬ್ಬನನ್ನೇ ಪ್ರತ್ಯೇಕಿಸಿ ಒಯ್ಯುವುದನ್ನು ಜನ ಸಹಿಸಲಿಲ್ಲ. ಅದೇ ೧೮೯೮ರಲ್ಲಿ ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಪ್ಲೇಗ್ ನಿಬಂಧನೆಗಳ ವಿರುದ್ಧ ಗಲಭೆಯೇ ನಡೆಯಿತು. ಆದರೆ ಊರಿಗೆ ಊರೇ ಹೊರಟು ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವುದನ್ನು ಹಳ್ಳಿಗರು ಬೇಗನೆ ತಮ್ಮದೇ ಪದ್ಧತಿಯನ್ನಾಗಿ ಮಾಡಿಕೊಂಡರು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಡುವ ಕಾಲ ಬಂದಿತೆಂದು ಅರ್ಥ. ಪ್ಲೇಗು ಇಲಿಯ ಮೈಮೇಲಿನ ಚಿಗಟದಿಂದ ಮನುಷ್ಯನಿಗೆ ತಗುಲುತ್ತದೆ ಎಂಬುದು ವಿಜ್ಞಾನಿಗಳಲ್ಲಿ ಸರ್ವಸಮ್ಮತವಾಗುವುದಕ್ಕೆ ಕೆಲವು ವರ್ಷಗಳು ಹಿಡಿದವು. ಇಲಿ ಸಾಯುವುದಕ್ಕೂ ಮನುಷ್ಯ ಸಾಯುವುದಕ್ಕೂ ಇರುವ ನಂಟನ್ನು ಹಳ್ಳಿಗರು ಕಣ್ಣಾರೆ ಕಂಡು ಅರಿತಿದ್ದರು.

ಎರಡು ಕ್ರಮಗಳೂ ಬೇರ್ಪಡಿಸುವ ಕ್ರಮಗಳೇ. ಒಂದು ರೋಗಿಯನ್ನು ನೆರೆಹೊರೆಯಿಂದ ಬೇರ್ಪಡಿಸಿತು. ಇನ್ನೊಂದು ಇಡೀ ನೆರೆಹೊರೆಯನ್ನು ರೋಗದ ಮನೆಗಳಿಂದ ಬೇರ್ಪಡಿಸಿತು. ಮೊದಲನೆಯದನ್ನು ಶಿಕ್ಷೆಯೆಂದು ಭಾವಿಸಿದ ಜನರೇ ಎರಡನೆಯದನ್ನು ರಕ್ಷಣೆಯೆಂದು ಒಪ್ಪಿಕೊಂಡರು. ಈ ಭೇದ ಮುಂದಿನ ವಿವೇಚನೆಗೆ ಕೀಲಿಕೈಯಾಗಿದೆ.

೪

ಮೂರನೆಯ ಅಧ್ಯಾಯ ಕ್ಷಯರೋಗದ್ದು. ಇದರಲ್ಲಿ ತುಮಕೂರು ಜಿಲ್ಲೆಗೆ ಪ್ರಪಂಚದ ವೈದ್ಯಚರಿತ್ರೆಯಲ್ಲಿಯೇ ಒಂದು ಸ್ಥಾನವಿದೆ ಎಂಬುದನ್ನು ಜಿಲ್ಲೆಯ ವಿದ್ಯಾವಂತರಲ್ಲಿಯೂ ಹೆಚ್ಚು ಮಂದಿ ಅರಿತಂತಿಲ್ಲ.

ಕ್ಷಯವು ಗುಡಿಸಲನ್ನೂ ಅರಮನೆಯನ್ನೂ ಒಂದೇ ಸಮನಾಗಿ ಹೊಕ್ಕ ರೋಗ. ಮೈಸೂರಿನ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಈ ರೋಗಕ್ಕೆ ತುತ್ತಾದರು. ಅವರ ಹೆಸರಿನಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕ್ಷಯರೋಗ ಚಿಕಿತ್ಸಾಲಯವು ಇಂದಿಗೂ ಪ್ರಸಿದ್ಧವಾಗಿದೆ. ಶುದ್ಧವಾದ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ ಇವೇ ಆ ಕಾಲದ ಚಿಕಿತ್ಸೆ. ಅದಕ್ಕಾಗಿ ರೋಗಿಯು ಮನೆಮಠಗಳನ್ನು ಬಿಟ್ಟು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ದೂರವಿರಬೇಕಾಗಿತ್ತು. ಕೂಲಿಯವನಿಗೆ ಇದು ದುಸ್ಸಾಧ್ಯವೆಂದು ಹೇಳಬೇಕಾಗಿಲ್ಲ. ೧೯೫೯ರಲ್ಲಿ ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನ ಕೇಂದ್ರದವರು ಪ್ರಕಟಿಸಿದ ಅಧ್ಯಯನವು ಈ ಪದ್ಧತಿಯ ಬುಡವನ್ನೇ ಅಲುಗಿಸಿತು. ಹೊಸ ಔಷಧಿಗಳನ್ನು ಸರಿಯಾಗಿ ಸೇವಿಸಿದರೆ, ಇಕ್ಕಟ್ಟಾದ ಬಡ ಮನೆಯಲ್ಲಿದ್ದುಕೊಂಡೇ ಚಿಕಿತ್ಸೆ ಪಡೆದವರೂ ಚಿಕಿತ್ಸಾಲಯದಲ್ಲಿದ್ದವರಷ್ಟೇ ಗುಣಹೊಂದುವರೆಂದು ಅದರಿಂದ ಸಿದ್ಧವಾಯಿತು. ರೋಗಿಯನ್ನು ನೆರೆಹೊರೆಯಿಂದ ಕಿತ್ತೊಯ್ಯುವ ಅಗತ್ಯ ಅಂದಿಗೆ ಕೊನೆಗೊಂಡಿತು.

ಅದೇ ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಈ ಸಂಸ್ಥೆಯವರು ೧೯೬೦-೬೧ರಲ್ಲಿ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗದ ಸಮೀಕ್ಷೆ ನಡೆಸಿದರು. ಕ್ಷಯವು ಪಟ್ಟಣಗಳ ಇಕ್ಕಟ್ಟಿನ ರೋಗ, ಹಳ್ಳಿಗಳು ಅದರಿಂದ ಮುಕ್ತವಾಗಿವೆ ಎಂಬುದು ಬಹುಕಾಲದ ನಂಬಿಕೆ. ೧೯೫೫-೫೮ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯು ದೇಶದ ಹಲವೆಡೆ ನಡೆಸಿದ ಸಮೀಕ್ಷೆ ಈ ನಂಬಿಕೆಯನ್ನು ಸುಳ್ಳುಮಾಡಿತ್ತು. ತುಮಕೂರಿನ ಸಮೀಕ್ಷೆ ಅದನ್ನು ದೃಢಪಡಿಸಿತು.

ಈ ಸಮೀಕ್ಷೆಯ ಬೆನ್ನಿನಲ್ಲಿಯೇ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು ಅದೇ ಜಿಲ್ಲೆಯ ರೋಗಿಗಳನ್ನು ಕಂಡು ಮಾತನಾಡಿಸಿ, ತಮ್ಮ ನಿರ್ಣಯಗಳನ್ನು ೧೯೬೩ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಳ್ಳಿಯವರು ಅಜ್ಞಾನಿಗಳು, ರೋಗ ಬಂದುದೇ ಅವರಿಗೆ ತಿಳಿಯದು, ತಿಳಿದರೂ ದೇವರು ದಿಂಡರೆಂದು ಅಲೆಯುವರೇ ಹೊರತು ಆಸ್ಪತ್ರೆಗೆ ಬಾರರು ಎಂಬುದು ಅಂದಿನ ಅಧಿಕಾರಿಗಳ ಸಾಮಾನ್ಯ ಅಭಿಪ್ರಾಯವಾಗಿತ್ತು. ಅಧ್ಯಯನದಿಂದ ತಿಳಿದುಬಂದುದು ಇದಕ್ಕೆ ತದ್ವಿರುದ್ಧ. ಕಫದಲ್ಲಿ ರೋಗಾಣು ಕಂಡುಬಂದವರಲ್ಲಿ ನೂರಕ್ಕೆ ಸುಮಾರು ೯೫ ಮಂದಿಗೆ ತಮ್ಮಲ್ಲಿನ ಲಕ್ಷಣಗಳ ಅರಿವಿತ್ತು. ಸುಮಾರು ಮುಕ್ಕಾಲು ಪಾಲು ಜನರಿಗೆ ಅದರ ಚಿಂತೆಯಿತ್ತು. ಅರ್ಧಕ್ಕಿಂತ ಸ್ವಲ್ಪ ಹೆಚ್ಚಿನವರು ಆಧುನಿಕ ವೈದ್ಯರ ಬಳಿಗೆ ಆಗಲೇ ಹೋಗಿಯೂ ಇದ್ದರು. ಅವರಲ್ಲಿ ಬಹುಮಂದಿಗೆ ಅಲ್ಲಿ ದೊರೆತದ್ದು ಕೆಮ್ಮಿನ ಔಷಧಿಯ ಸೀಸೆ ಮಾತ್ರ. ಅವರ ಕಫವನ್ನು ಪರೀಕ್ಷಿಸಿದವರಿರಲಿಲ್ಲ.

ಈ ಒಂದು ಸಂಗತಿಯನ್ನು ಎಷ್ಟು ಬಾರಿ ಹೇಳಿದರೂ ಕಡಮೆಯೇ. ತನ್ನ ಕೆಮ್ಮು ಸಾಧಾರಣವಾದುದಲ್ಲ ಎಂದು ಅರಿತು, ಒಂದು ದಿನದ ಕೂಲಿ ಕಳೆದುಕೊಂಡು, ಮೈಲಿಗಟ್ಟಲೆ ನಡೆದು ಆಸ್ಪತ್ರೆಯ ಬಾಗಿಲಿಗೆ ಹೋದ ಮನುಷ್ಯನನ್ನೇ ನಮ್ಮ ವಿದ್ಯಾವಂತ ಸಮಾಜ ಅಜ್ಞಾನಿಯೆಂದು ಕರೆದಿತ್ತು. ಅಧ್ಯಯನದ ಫಲವಾಗಿ ನೀತಿ ಬದಲಾಯಿತು. ೧೯೬೨ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ, ಊರಿಗೆ ಸಮೀಪವಿರುವ ಸಾಮಾನ್ಯ ಆಸ್ಪತ್ರೆಗಳಲ್ಲಿಯೇ ಕೆಮ್ಮಿನಿಂದ ಬಂದವರ ಕಫವನ್ನು ಪರೀಕ್ಷಿಸಿ ಔಷಧಿ ಕೊಡುವ ತತ್ತ್ವವನ್ನು ಅಂಗೀಕರಿಸಲಾಯಿತು. ತುಮಕೂರು ಜಿಲ್ಲೆಯ ಹಳ್ಳಿಗರು ಕೊಟ್ಟ ಉತ್ತರಗಳು ಒಂದು ದೇಶದ ಆರೋಗ್ಯ ನೀತಿಯ ತಳಹದಿಯಾದವು.

ಇದೇ ಸಂಸ್ಥೆಯ ರಾಜ್‌ನಾರಾಯಣ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಹಳ್ಳಿಗಳಲ್ಲಿ ನಡೆಸಿ ೧೯೬೬ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನಮ್ಮ ವಿಷಯಕ್ಕೆ ಇನ್ನಷ್ಟು ಹತ್ತಿರವಾದುದು. ಕ್ಷಯವು ಒಂದು ಕುಟುಂಬದ ರೋಗ, ರೋಗಿಯ ಮನೆಯವರಿಗೇ ಅದು ಅಂಟುವುದು ಎಂಬುದು ಲೋಕರೂಢಿ. ಆದರೆ ಸೋಂಕು ತಗುಲಿದವರಲ್ಲಿ ಬಹುಪಾಲು ಜನರು ರೋಗಿಯೇ ಇಲ್ಲದ ಮನೆಗಳವರೆಂದು ಅವರು ಕಂಡುಕೊಂಡರು. ಒಬ್ಬ ರೋಗಿಯ ಪ್ರಭಾವ ಅವನ ಮನೆಯ ಗೋಡೆಗಳಲ್ಲಿ ನಿಲ್ಲದೆ, ಕಡೆಯ ಪಕ್ಷ ಅಲ್ಲಿಂದ ಹತ್ತನೆಯ ಮನೆಯವರೆಗೂ ಹಬ್ಬಿರುತ್ತದೆ ಎಂಬುದು ಅವರ ನಿರ್ಣಯ. ರೋಗಿಯು ಹೊಲಕ್ಕೆ ಹೋಗುತ್ತಾನೆ, ಜಗಲಿಯ ಮೇಲೆ ಕೂರುತ್ತಾನೆ, ನೆಂಟರ ಮನೆಗೆ ನಡೆಯುತ್ತಾನೆ. ಬದುಕಿರುವವರೆಗೆ ಮನುಷ್ಯ ಬದುಕುವುದು ಕೇರಿಯಲ್ಲಿಯೇ. ಆದುದರಿಂದ ಒಂದು ಮನೆಯನ್ನು ಕಳಂಕಿತವೆಂದು ದೂರವಿಡುವುದು ಅಮಾನವೀಯವಷ್ಟೇ ಅಲ್ಲ, ನಿಷ್ಪ್ರಯೋಜಕವೂ ಹೌದು. ದೂರವಿಡುವರೆಂಬ ಭಯದಿಂದ ರೋಗಿಯು ರೋಗವನ್ನು ಮರೆಮಾಚಿದರೆ, ಅದರ ಫಲವನ್ನು ಹತ್ತನೆಯ ಮನೆಯ ಮಗುವೂ ಉಣ್ಣಬೇಕಾಗುತ್ತದೆ.

೫

ಇಲ್ಲಿಯವರೆಗೆ ಹೇಳಿದುದರಿಂದ ನೆರೆಹೊರೆಯೆಂಬುದು ಎಲ್ಲರಿಗೂ ಸಮಾನವಾದ ಆಶ್ರಯವೆಂಬ ಭಾವನೆ ಬರಬಾರದು. ನಮ್ಮ ಊರುಗಳ ರಚನೆಯಲ್ಲಿಯೇ ದೂರವಿಡುವ ನಿಯಮ ಅಡಗಿದೆ. ಊರು ಬೇರೆ, ದಲಿತರ ಕೇರಿ ಬೇರೆ. ಊರಿನ ಬಾವಿ ಬೇರೆ, ಕೇರಿಯ ಬಾವಿ ಬೇರೆ. ಬೇಸಗೆಯಲ್ಲಿ ಕೇರಿಯ ಬಾವಿ ಬತ್ತಿದರೆ, ಊರಿನ ಬಾವಿಯ ಬಳಿ ನಿಂತು ಇತರರು ಸೇದಿ ಹೊಯ್ಯುವವರೆಗೆ ಕಾಯಬೇಕಾದ ಸ್ಥಿತಿ ಬಹುಕಾಲ ನಡೆಯಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾನೂನು ಸಾರ್ವಜನಿಕ ನೀರಿನ ನೆಲೆಗಳಲ್ಲಿ ಈ ನಿಷೇಧವನ್ನು ಶಿಕ್ಷಾರ್ಹವನ್ನಾಗಿ ಮಾಡಿತು. ಆದರೆ ಕಾನೂನು ಬಾವಿಯನ್ನು ತೆರೆಯಬಲ್ಲುದೇ ಹೊರತು ಮನೆಗಳ ಸ್ಥಾನವನ್ನು ಬದಲಿಸಲಾರದು. ನೀರಿನಿಂದ ಬರುವ ರೋಗಗಳು ಒಂದು ಊರಿನಲ್ಲಿ ಯಾವ ಬೀದಿಯಲ್ಲಿ ಹೆಚ್ಚು, ಯಾವ ಬೀದಿಯಲ್ಲಿ ಕಡಮೆ ಎಂದು ವಿಚಾರಿಸುವವನು ಆ ಊರಿನ ಜಾತಿಯ ನಕ್ಷೆಯನ್ನೂ ಜೊತೆಯಲ್ಲಿ ಇಟ್ಟುಕೊಳ್ಳಬೇಕಾಗುತ್ತದೆ.

ಇದಕ್ಕಿಂತ ದಾರುಣವಾದ ಇನ್ನೊಂದು ಉದಾಹರಣೆ ಈ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಕಂಡುಬರುತ್ತದೆ. ಕೆಲವು ಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರನ್ನೂ, ಹೆರಿಗೆಯಾದ ಬಾಣಂತಿಯನ್ನೂ ಮಗುವನ್ನೂ ಸೂತಕದ ದಿನಗಳು ಮುಗಿಯುವವರೆಗೆ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ಆಚಾರ ಉಳಿದುಬಂದಿದೆ. ಋತುಮತಿಯರನ್ನೂ ಗರ್ಭಿಣಿಯರನ್ನೂ ಬಲಾತ್ಕಾರವಾಗಿ ಹೊರಗಿಡುವುದನ್ನು ಕರ್ನಾಟಕದ ೨೦೧೭ರ ಅಮಾನವೀಯ ಅನಿಷ್ಟ ಪದ್ಧತಿಗಳ ನಿಷೇಧ ಕಾನೂನು ಅಪರಾಧವೆಂದು ಘೋಷಿಸಿದೆ. ಹೀಗಿದ್ದರೂ ೨೦೨೩ರ ಜುಲೈ ತಿಂಗಳಿನಲ್ಲಿ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಮಳೆಗಾಲದ ಚಳಿಯಲ್ಲಿ ತಾಯಿಯೊಡನೆ ಹೊರಗಿನ ಗುಡಿಸಲಿನಲ್ಲಿದ್ದ ಹಸುಗೂಸೊಂದು ಸತ್ತಿತು.

ಪ್ಲೇಗಿನ ಕಾಲದ ಗುಡಿಸಲೂ ಊರ ಹೊರಗಿನದೇ. ಬಾಣಂತಿಯ ಗುಡಿಸಲೂ ಊರ ಹೊರಗಿನದೇ. ಮೊದಲನೆಯದು ಜೀವಗಳನ್ನು ಉಳಿಸಿತು, ಎರಡನೆಯದು ಜೀವವನ್ನು ಕಳೆಯಿತು. ವ್ಯತ್ಯಾಸವಿರುವುದು ದೂರದಲ್ಲಲ್ಲ. ಪ್ಲೇಗಿನಲ್ಲಿ ಎಲ್ಲರೂ ಜೊತೆಯಾಗಿ ಹೊರಗಿದ್ದರು. ಇಲ್ಲಿ ಒಬ್ಬಳನ್ನು ಒಂಟಿಯಾಗಿ ಹೊರಗಿಡಲಾಯಿತು. ಈ ಆಚಾರವನ್ನು ಹಳಿಯುವಾಗ ಆ ಸಮುದಾಯವನ್ನೇ ಹಳಿಯುವ ದುಡುಕೂ ಸಲ್ಲದು. ಹೊರಗಿಡುವ ಅಭ್ಯಾಸ ಒಂದೇ ಜಾತಿಯ ಸೊತ್ತಲ್ಲವೆಂಬುದಕ್ಕೆ ಮೇಲೆ ಹೇಳಿದ ಬಾವಿಗಳೇ ಸಾಕ್ಷಿ.

ಇದೇ ಜಿಲ್ಲೆಯು ಇದಕ್ಕೆ ಪ್ರತಿಯಾದ ಮೇಲ್ಪಂಕ್ತಿಯನ್ನೂ ಕೊಟ್ಟಿದೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ತಮ್ಮ ದೀರ್ಘ ಜೀವಮಾನದಲ್ಲಿ ಸಾವಿರಾರು ಹೆರಿಗೆಗಳನ್ನು ಪ್ರತಿಫಲವಿಲ್ಲದೆ ಮಾಡಿಸಿದರು. ತುಮಕೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನೂ, ಭಾರತ ಸರ್ಕಾರವು ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನೂ ನೀಡಿದವು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ನಿಧನ ಹೊಂದಿದರು. ಕರೆದಾಗ ರಾತ್ರಿಯೆನ್ನದೆ ಎದ್ದುಬರುವ ನೆರೆಯವಳು ಹಳ್ಳಿಯ ಹೆಂಗಸಿಗೆ ಎಂತಹ ಆಸರೆಯಾಗಿದ್ದಳು ಎಂಬುದಕ್ಕೆ ಅವರ ಬಾಳು ನಿದರ್ಶನ. ೨೦೦೫ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ, ಆಯಾ ಊರಿನ ಹೆಂಗಸನ್ನೇ ಆಶಾ ಕಾರ್ಯಕರ್ತೆಯಾಗಿ ಆರಿಸಬೇಕೆಂದು ವಿಧಿಸಿದಾಗ ಸರ್ಕಾರವು ಈ ಹಳೆಯ ಸತ್ಯವನ್ನೇ ಮನ್ನಿಸಿದಂತಾಯಿತು.

೬

ನೆರೆಹೊರೆಯ ಈ ಇಬ್ಬಗೆಯ ಸ್ವಭಾವ ನಮ್ಮ ನಾಡಿಗೆ ಮಾತ್ರ ಸೀಮಿತವಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಮೆಕ್ಸಿಕೋ ಮೊದಲಾದ ದೇಶಗಳ ಮೂಲದ, ಹಿಸ್ಪಾನಿಕರೆಂದು ಕರೆಯಲ್ಪಡುವ ಜನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಇವರಲ್ಲಿ ಬಡತನ ಹೆಚ್ಚು, ವೈದ್ಯ ಸೌಲಭ್ಯ ಕಡಮೆ. ಆದರೂ ಇವರ ಮರಣಪ್ರಮಾಣವು ನಿರೀಕ್ಷಿಸಿದಷ್ಟು ಹೆಚ್ಚಾಗಿಲ್ಲವೆಂಬ ವಿಚಿತ್ರ ಸಂಗತಿಯನ್ನು ಮಾರ್ಕಿಡಿಸ್ ಮತ್ತು ಕೋರೈಲ್ ಎಂಬುವರು ೧೯೮೬ರಲ್ಲಿ ಎತ್ತಿ ತೋರಿಸಿದರು. ೨೦೦೪ರಲ್ಲಿ ಎಶ್‌ಬಾಕ್ ಮತ್ತು ಸಂಗಡಿಗರು ನೈಋತ್ಯ ಭಾಗದ ಐದು ರಾಜ್ಯಗಳ ವೃದ್ಧರನ್ನು ಕುರಿತು ಪ್ರಕಟಿಸಿದ ಅಧ್ಯಯನವು ಇದಕ್ಕೆ ಒಂದು ವಿವರಣೆಯನ್ನು ಸೂಚಿಸಿತು. ತಮ್ಮವರೇ ಹೆಚ್ಚಾಗಿರುವ ಕೇರಿಗಳಲ್ಲಿ ವಾಸಿಸುವ ಮೆಕ್ಸಿಕನ್ ಮೂಲದ ಮುದುಕರಲ್ಲಿ ಮರಣಪ್ರಮಾಣ ಕಡಮೆಯೆಂದು ಅದರಲ್ಲಿ ಕಂಡುಬಂದಿತು. ಆ ಕೇರಿಗಳು ಬಡವಾಗಿದ್ದರೂ ಅಲ್ಲಿ ತಮ್ಮ ಭಾಷೆ, ಬಂಧುಬಳಗ, ವಿಚಾರಿಸುವ ಜನ ಇದ್ದರು.

ಇದರಿಂದ ಬೇರೆ ಬೇರೆ ಕೇರಿಗಳಲ್ಲಿರುವುದೇ ಲೇಸೆಂದು ತರ್ಕಿಸುವುದು ತಪ್ಪಾಗುತ್ತದೆ. ಹೊರಗಿನವರು ದೂರವಿಟ್ಟರೂ ಒಳಗಿನವರು ಪರಸ್ಪರ ಆಸರೆಯಾದುದರಿಂದ ಆ ಜನ ಬಾಳಿದರು. ಆಸರೆಯ ಶ್ರೇಯಸ್ಸನ್ನು ದೂರವಿಟ್ಟವರ ಲೆಕ್ಕಕ್ಕೆ ಬರೆಯಲಾಗದು.

೭

ತೆಂಗಿನ ಸೀಮೆಯಲ್ಲಿ ಇಂದು ನೆರೆಹೊರೆಯ ಸ್ವರೂಪವೇ ಮಾರ್ಪಡುತ್ತಿದೆ. ಕೊಳವೆಬಾವಿಗಳು ಬಂದ ಮೇಲೆ ತೋಟವು ಕೆರೆಯ ಅಚ್ಚುಕಟ್ಟನ್ನು ಬಿಟ್ಟು ಹೊಲಗಳಿಗೆ ಹಬ್ಬಿದೆ. ಅದರೊಡನೆ ಮನೆಗಳೂ ಊರನ್ನು ಬಿಟ್ಟು ತೋಟಗಳಿಗೆ ಚದುರಿವೆ. ಮಕ್ಕಳು ಬೆಂಗಳೂರಿಗೆ ಹೋದ ಮೇಲೆ ಎಷ್ಟೋ ತೋಟದ ಮನೆಗಳಲ್ಲಿ ವೃದ್ಧ ದಂಪತಿಗಳು ಮಾತ್ರ ಉಳಿದಿದ್ದಾರೆ. ಹಿಂದೆ ಹತ್ತನೆಯ ಮನೆ ಕೂಗಳತೆಯಲ್ಲಿತ್ತು. ಈಗ ಎರಡನೆಯ ಮನೆಯೂ ಕೆಲವು ಕಡೆ ಕೂಗಿಗೆ ಸಿಗುವುದಿಲ್ಲ. ಸೋಂಕು ಹರಡುವ ಅವಕಾಶ ಇದರಿಂದ ಕಡಮೆಯಾಗಬಹುದು. ಬಿದ್ದವರನ್ನು ಎತ್ತುವ ಕೈಗಳೂ ಕಡಮೆಯಾಗಿವೆ. ಅಟ್ಟದಲ್ಲಿ ಕೊಬ್ಬರಿಯಿದ್ದೂ ಆಸ್ಪತ್ರೆಗೆ ಜೊತೆಯಲ್ಲಿ ಬರುವವರಿಲ್ಲದ ಬಡತನ ಈ ಸೀಮೆಗೆ ಹೊಸತು.

ಮೇಲಿನ ವಿವೇಚನೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಬರ, ಪ್ಲೇಗು, ಕ್ಷಯ, ಬಾಣಂತನ ಈ ಎಲ್ಲ ಸಂದರ್ಭಗಳಲ್ಲಿಯೂ ಜನರ ಕ್ಷೇಮವನ್ನು ನಿರ್ಣಯಿಸಿದ್ದು ರೋಗವೊಂದೇ ಅಲ್ಲ. ರೋಗದ ಭಾರವನ್ನು ಸುತ್ತಲಿನವರು ಹಂಚಿಕೊಂಡರೇ ಅಥವಾ ಒಬ್ಬರ ಮೇಲೆಯೇ ಹೊರಿಸಿದರೇ ಎಂಬುದು. ಹಂಚಿಕೊಂಡ ಕಡೆ ಬಡವರೂ ಉಳಿದರು. ಹೊರಿಸಿದ ಕಡೆ ಹಸುಗೂಸೂ ಉಳಿಯಲಿಲ್ಲ.

ನಮ್ಮ ಕಾಲೇಜುಗಳ ಚರಿತ್ರೆಯ ವಿದ್ಯಾರ್ಥಿಗಳಲ್ಲಿ ಬಹುಮಂದಿ ಇಂತಹ ಹಳ್ಳಿಗಳಿಂದಲೇ ಬಂದವರು. ಪ್ರತಿಯೊಬ್ಬರೂ ರಜೆಯಲ್ಲಿ ತಮ್ಮ ಊರಿನ ಒಂದು ನಕ್ಷೆಯನ್ನು ಬರೆದು, ಅದರಲ್ಲಿ ಕೇರಿಗಳನ್ನೂ ಹಳೆಯ ಬಾವಿಗಳನ್ನೂ ಪ್ಲೇಗಿನ ಕಾಲದ ಗುಡಿಸಲುಗಳಿದ್ದ ಹೊಲಗಳನ್ನೂ ಗುರುತಿಸಿ, ಹಿರಿಯರನ್ನು ಕೇಳಿ ಅವುಗಳ ವೃತ್ತಾಂತವನ್ನು ಸಂಗ್ರಹಿಸಿದರೆ ನಮ್ಮ ನಾಡಿನ ಆರೋಗ್ಯದ ಚರಿತ್ರೆಗೆ ಅಮೂಲ್ಯವಾದ ಸಾಮಗ್ರಿ ಒದಗುವುದು. ಪ್ಲೇಗನ್ನು ಕಣ್ಣಾರೆ ಕಂಡವರ ಮಾತನ್ನು ಕೇಳಿಸಿಕೊಂಡವರು ಇನ್ನೂ ಕೆಲವರು ಉಳಿದಿದ್ದಾರೆ. ಈ ಕೆಲಸವನ್ನು ಮುಂದೂಡುವುದಕ್ಕೆ ಕಾಲವಿಲ್ಲ.